ಸಾಕಾಗುವಷ್ಟು ಮನೆ, ಸಾಕಾಗುವಷ್ಟು ಕರೆಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕರೆಂಟ್ ಬಿಲ್ ಇಳಿಸುವುದು ಹೇಗೆ ಎಂದು ಕೇಳಿದರೆ ಅಂಗಡಿಯವರು ಐದು ಸ್ಟಾರ್ ಇರುವ ಸಾಮಾನು ತೋರಿಸುತ್ತಾರೆ. ಈ ಪುಟದ ಪ್ರಶ್ನೆಗಳು ಅದಕ್ಕಿಂತ ಮೊದಲಿನವು. ಎಷ್ಟು ಚದರ ಸಾಕು? ಎಷ್ಟು ಕೋಣೆ, ಎಷ್ಟು ಬಚ್ಚಲು, ಎಷ್ಟು ಬಿಸಿನೀರು ಸಾಕು? ಮನೆಯ ಕರೆಂಟಿನ ದೊಡ್ಡ ಪಾಲು ತೀರ್ಮಾನವಾಗುವುದು ಪ್ಲಾನ್ ಹಾಳೆಯ ಮೇಲೆ. ಹೊಸದಾಗಿ ಕಟ್ಟುವವರು, ಕಟ್ಟಿದ ಮನೆಯಲ್ಲಿರುವವರು, ಬಾಡಿಗೆಗಿರುವವರು ಮೂವರಿಗೂ ಇಲ್ಲಿ ಉತ್ತರಗಳಿವೆ. ಲೆಕ್ಕಗಳೆಲ್ಲ ಕರ್ನಾಟಕದ ಮನೆಗಳಿಗೆ ಹೊಂದುವಂಥವು.

ಕಡಿಮೆ ಕರೆಂಟ್ ತಿನ್ನುವ ಸಾಮಾನು ತಂದರೆ ಸಾಲದೇ? ‘ಸಾಕಾಗುವಷ್ಟು’ ಎಂಬುದು ಬೇರೆ ಏನು?

ಬೇರೆಯೇ. 75 ವ್ಯಾಟ್‌ನ ಹಳೆಯ ಫ್ಯಾನ್ ತೆಗೆದು 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಅದು ದಕ್ಷತೆ. ಸಂಜೆ ನಾಲ್ವರೂ ನಾಲ್ಕು ಕೋಣೆಯಲ್ಲಿ ನಾಲ್ಕು ಫ್ಯಾನ್ ಹಾಕಿಕೊಂಡು ಕೂರುವ ಬದಲು, ಗಾಳಿ ಚೆನ್ನಾಗಿ ಬರುವ ಒಂದು ಹಜಾರದಲ್ಲಿ ಕೂರುವಂತೆ ಮನೆ ಕಟ್ಟಿದರೆ ಅದು ಸಾಕಾಗುವಿಕೆ. ಮೊದಲನೆಯದು ಅದೇ ಕೆಲಸವನ್ನು ಕಡಿಮೆ ಕರೆಂಟಿನಲ್ಲಿ ಮಾಡುತ್ತದೆ. ಎರಡನೆಯದು ಆ ಕೆಲಸದ ಅಗತ್ಯವನ್ನೇ ಇಳಿಸುತ್ತದೆ, ನೆಮ್ಮದಿಯನ್ನು ಇಳಿಸುವುದಿಲ್ಲ.

ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ಸಮಿತಿ ಐಪಿಸಿಸಿ 2022ರ ವರದಿಯ ಕಟ್ಟಡಗಳ ಅಧ್ಯಾಯದಲ್ಲಿ ಇದೇ ಕ್ರಮವನ್ನು ಇಟ್ಟಿದೆ: ಮೊದಲು ಸಾಕಾಗುವಿಕೆ, ಆಮೇಲೆ ದಕ್ಷತೆ, ಆಮೇಲೆ ಸೌರಶಕ್ತಿಯಂಥ ನವೀಕರಿಸಬಹುದಾದ ಮೂಲಗಳು. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಮೊದಲು ತಾರಸಿಯ ಮೇಲೆ ಪ್ಯಾನೆಲ್, ಆಮೇಲೆ ಸ್ಟಾರ್ ಗುರುತಿನ ಎಸಿ. ‘ಈ ಕೋಣೆ ಬೇಕಿತ್ತಾ’ ಎಂಬ ಪ್ರಶ್ನೆ ಬರುವುದೇ ಇಲ್ಲ.

ಒಂದೇ ಕೋಣೆಯಲ್ಲಿ ಐದು ಜನ ಇರುವವರಿಗೂ ಕಡಿಮೆ ಮಾಡಿ ಎನ್ನುತ್ತೀರಾ?

ಇಲ್ಲ. ಸಾಕಾಗುವಿಕೆಗೆ ಮೇಲಿನ ಮಿತಿ ಇರುವಂತೆ ಕೆಳಗಿನ ಮಿತಿಯೂ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿಗಿಂತ ಚಿಕ್ಕದಿರಬಾರದು. ಎರಡು ಕೋಣೆ ಇದ್ದರೆ ಎರಡನೆಯದು 7.5 ಚದರ ಮೀಟರ್ ಇರಬಹುದು. ಅಡುಗೆಮನೆಗೆ ಕನಿಷ್ಠ 5 ಚದರ ಮೀಟರ್ ಬೇಕು. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಐದು ಜನ ಬದುಕುವ ಕಡೆ ಬೇಕಿರುವುದು ಇನ್ನೊಂದು ಕೋಣೆ, ಇನ್ನೊಂದು ಫ್ಯಾನ್. ಇಲ್ಲಿರುವ ಸಲಹೆಗಳು ಆ ಗೆರೆ ದಾಟಿ ಬಹಳ ಮೇಲೆ ಹೋಗಿರುವ ಮನೆಗಳಿಗೆ. ಇನ್ನೊಂದು ಮಾತು: ಲೆಕ್ಕ ಹಾಕಬೇಕಾದ್ದು ತಲೆಗೆ ಎಷ್ಟು ಜಾಗ ಎಂದು. 2,000 ಚದರಡಿಯಲ್ಲಿ ಎಂಟು ಜನರ ಕೂಡುಕುಟುಂಬ ಇದ್ದರೆ ಅದು ದೊಡ್ಡ ಮನೆಯಲ್ಲ.

ನಾಲ್ಕು ಜನಕ್ಕೆ ಎಷ್ಟು ಚದರ ಸಾಕು?

ಆರೂವರೆ ಚದರದಲ್ಲಿ, ಅಂದರೆ 650 ಚದರಡಿಯಲ್ಲಿ, ಇಕ್ಕಟ್ಟಿಲ್ಲದೆ ಆಗುತ್ತದೆ. ಹಂಚಿಕೆ, ಅಡಿಗಳಲ್ಲಿ, ಹೀಗೆ: ಹಜಾರ 12×14, ಮಲಗುವ ಕೋಣೆ 10×11 ಮತ್ತು 10×10, ಅಡುಗೆಮನೆ 8×9, ಸ್ನಾನದ ಮನೆ 4.5×7, ಪ್ರತ್ಯೇಕ ಶೌಚಾಲಯ 3×4.5, ಪಾತ್ರೆ-ಬಟ್ಟೆ ತೊಳೆಯುವ ಯುಟಿಲಿಟಿ 4×8. ಇಷ್ಟಕ್ಕೆ ಒಳಗಿನ ಅಳತೆ ಸುಮಾರು 527 ಚದರಡಿ. ಗೋಡೆ ಮತ್ತು ಓಡಾಡುವ ಜಾಗಕ್ಕೆ ಇನ್ನು ಕಾಲು ಭಾಗದಷ್ಟು ಸೇರಿಸಿ.

ಈ ಪ್ಲಾನ್‌ನ ಜೀವ ಇರುವುದು ಶೌಚಾಲಯವನ್ನೂ ಸ್ನಾನದ ಮನೆಯನ್ನೂ ಬೇರೆ ಮಾಡಿರುವುದರಲ್ಲಿ. ಬೆಳಿಗ್ಗೆ ಏಳು ಗಂಟೆಗೆ ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಕಾಯಬೇಕಿಲ್ಲ. ವಾಶ್‌ಬೇಸಿನ್ ಎರಡರ ಹೊರಗೆ, ಓಡಾಡುವ ಜಾಗದಲ್ಲಿ ಇರಲಿ. ಹೀಗೆ ಮಾಡಿದರೆ ಎರಡು ಅಟ್ಯಾಚ್ಡ್ ಬಾತ್‌ರೂಮಿನ ಕೆಲಸ ಒಂದು ಜೋಡಿಯಲ್ಲೇ ಮುಗಿಯುತ್ತದೆ. ಒಂದು ಗೀಸರ್, ಒಂದು ಬಿಸಿನೀರಿನ ಪೈಪು, ಒಂದು ಎಕ್ಸಾಸ್ಟ್ ಸಾಕು.

ಮೆಟ್ಟಿಲನ್ನು ಮನೆಯೊಳಗೆ ಇಟ್ಟರೆ ಪ್ರತಿ ಅಂತಸ್ತಿನಲ್ಲೂ 60–65 ಚದರಡಿ ಹೋಗುತ್ತದೆ, ಜೊತೆಗೆ ಕೆಳಗಿನ ಎಸಿ ಗಾಳಿ ಮೇಲಿನ ಸೆಕೆಯೊಡನೆ ಬೆರೆಯುತ್ತದೆ. ಮೆಟ್ಟಿಲು ಹೊರಗಿದ್ದರೆ ಮುಂದೆ ಮೇಲಿನ ಮನೆಯನ್ನು ಬೇರೆ ಮಾಡುವುದೂ ಸುಲಭ.

ಖಾಲಿ ಕೋಣೆ ಕರೆಂಟ್ ತಿನ್ನುವುದಿಲ್ಲವಲ್ಲ. ದೊಡ್ಡದಾಗಿ ಕಟ್ಟಿದರೆ ಏನು ನಷ್ಟ?

ಖಾಲಿ ಕೋಣೆ ಖಾಲಿಯಾಗಿ ಉಳಿಯುವುದಿಲ್ಲ. ಕೋಣೆ ಇದ್ದ ಮೇಲೆ ಫ್ಯಾನ್ ಬರುತ್ತದೆ, ಎರಡು ಲೈಟು ಬರುತ್ತವೆ, ಆಮೇಲೆ ಟಿವಿ, ಬಚ್ಚಲಿಗೆ ಗೀಸರ್, ನಾಲ್ಕನೇ ಬೇಸಿಗೆಗೆ ಎಸಿ. ಹೊಸ ಫ್ರಿಜ್ ತಂದಾಗ ಹಳೆಯದು ಮಹಡಿಗೆ ಹೋಗುತ್ತದೆ. ಆ ಹಳೆಯ 300 ಲೀಟರ್ ಫ್ರಿಜ್ ಒಳಗೆ ನಾಲ್ಕು ಬಾಟಲಿ ನೀರು ಇಟ್ಟುಕೊಂಡು ದಿನಕ್ಕೆ ಒಂದರಿಂದ ಒಂದೂವರೆ ಯೂನಿಟ್ ಉಣ್ಣುತ್ತಿರುತ್ತದೆ.

ಕಟ್ಟುವಾಗಲೇ ಆಗುವ ಖರ್ಚೂ ಇದೆ. ಮೇಸ್ತ್ರಿಗಳ ರೂಢಿಯ ಲೆಕ್ಕದಲ್ಲಿ ಚದರಡಿಗೆ 0.4 ಚೀಲ ಸಿಮೆಂಟು, ಮೂರೂವರೆಯಿಂದ ನಾಲ್ಕು ಕಿಲೊ ಕಬ್ಬಿಣ ಬೇಕು. 400 ಚದರಡಿ ಕಡಿಮೆ ಕಟ್ಟಿದರೆ 160 ಚೀಲ ಸಿಮೆಂಟು, ಸುಮಾರು ಒಂದೂವರೆ ಟನ್ ಕಬ್ಬಿಣ ಉಳಿಯಿತು. ಇವೆರಡೂ ಭಾರಿ ಕುಲುಮೆಗಳಲ್ಲಿ ಬೆಂದು ಬರುವ ಸಾಮಾನು. ಮನೆ ಕಟ್ಟಿದ ಮೇಲೆ ಎಲ್‌ಇಡಿ ಬಲ್ಬು ಹಾಕಿ ಈ ಶಕ್ತಿಯನ್ನು ವಾಪಸು ತರಲಾಗುವುದಿಲ್ಲ.

ಹಬ್ಬಕ್ಕೆ, ಮದುವೆಗೆ ನೆಂಟರು ಬಂದರೆ ಎಲ್ಲಿ ಮಲಗಿಸುವುದು?

ಗೆಸ್ಟ್ ರೂಮಿನ ಬೇಡಿಕೆ ಹುಟ್ಟುವುದೇ ಈ ಪ್ರಶ್ನೆಯಿಂದ. ಕಳೆದ ವರ್ಷ ನೆಂಟರು ಎಷ್ಟು ರಾತ್ರಿ ಉಳಿದಿದ್ದರು ಎಂದು ಎಣಿಸಿ ನೋಡಿ. ಹದಿನೈದು ರಾತ್ರಿಗಾಗಿ ಮುನ್ನೂರೈವತ್ತು ರಾತ್ರಿ ಬೀಗ ಹಾಕಿದ ಕೋಣೆ ಕಟ್ಟಬೇಕೇ? ನಮ್ಮ ತೊಟ್ಟಿ ಮನೆಗಳ ಪಡಸಾಲೆ ಹಗಲು ಕೂರುವ ಜಾಗ, ಮಧ್ಯಾಹ್ನ ಊಟದ ಪಂಕ್ತಿ, ರಾತ್ರಿ ಹಾಸಿಗೆ ಬಿಚ್ಚುವ ಜಾಗ ಆಗುತ್ತಿತ್ತು.

ಅದನ್ನು ಇಂದಿನ ಮನೆಗೆ ತರಲು ಮೂರು ಸಂಗತಿ ಬೇಕು. ಹಜಾರದ ಒಂದು ಗೋಡೆಗೆ ಎರಡಡಿ ಆಳದ, ಮೂರಡಿ ಅಗಲದ ಬೀರು. ಅದರಲ್ಲಿ ನಾಲ್ಕು ಮಡಚುವ ಹಾಸಿಗೆ, ಹೊದಿಕೆ, ದಿಂಬು ನಿಲ್ಲುತ್ತವೆ. ಹಾಸಿಗೆ ಇಡಲು ಜಾಗ ಕೊಡದೆ ಹಜಾರದಲ್ಲಿ ಮಲಗಿಸುತ್ತೇವೆ ಎಂದುಕೊಂಡವರ ಮನೆಯಲ್ಲಿ ಅವು ಮಂಚದ ಕೆಳಗೆ ಧೂಳು ತಿಂದು ಕೊನೆಗೆ ಯಾರೂ ಬಳಸುವುದಿಲ್ಲ. ಎರಡನೆಯದು, ಬಚ್ಚಲಿನ ಬಾಗಿಲು ಮಲಗುವ ಕೋಣೆಗೆ ತೆರೆಯದೆ ಓಡಾಡುವ ಜಾಗಕ್ಕೆ ತೆರೆಯಬೇಕು. ಮೂರನೆಯದು, ಹಜಾರವನ್ನು ಎಳೆದು ಮುಚ್ಚುವ ಪರದೆ ಅಥವಾ ಜಾರು ಬಾಗಿಲು, ಹೆಣ್ಣುಮಕ್ಕಳಿಗೆ ಮರೆ ಇರಲೆಂದು.

ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಸುಲಭ. ಸಂಘದವರು ಸೇರಿ ಒಂದೆರಡು ಅತಿಥಿ ಕೋಣೆ ಇಟ್ಟುಕೊಂಡರೆ ಪ್ರತಿ ಮನೆಗೂ ಒಂದೊಂದು ಬೇಕಿಲ್ಲ. ಸ್ವಿಟ್ಜರ್‌ಲೆಂಡಿನ ಝೂರಿಕ್‌ನಲ್ಲಿ 2014ರಲ್ಲಿ ಮುಗಿದ ಕಾಲ್ಕ್‌ಬ್ರೈಟೆ ಸಹಕಾರಿ ವಸತಿ ಹೀಗೆ ಅತಿಥಿ ಕೋಣೆಗಳನ್ನೂ, ಕುಟುಂಬ ದೊಡ್ಡದಾದಾಗ ಕೆಲಕಾಲ ಬಾಡಿಗೆಗೆ ಪಡೆಯುವ ಹೆಚ್ಚುವರಿ ಕೋಣೆಗಳನ್ನೂ ಹಂಚಿಕೊಂಡು ನಡೆಸುತ್ತದೆ.

ಬಿಸಿನೀರಿಗೆ ನಿಜವಾಗಿ ಎಷ್ಟು ಕರೆಂಟು ಹೋಗುತ್ತದೆ?

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಸಿ ಇಲ್ಲದ ಮನೆಯಲ್ಲಿ ಸಾಮಾನ್ಯವಾಗಿ ಇದೇ ದೊಡ್ಡ ಬಾಬತ್ತು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್-ಗಂಟೆ ಬೇಕು. 22 ಡಿಗ್ರಿಯ ನೀರನ್ನು ಸ್ನಾನಕ್ಕೆ ಹಿತವಾದ 42 ಡಿಗ್ರಿಗೆ ತರಬೇಕು ಎನ್ನಿ. 20 ಲೀಟರಿನ ಒಂದು ಬಕೆಟ್‌ಗೆ ಸುಮಾರು 0.47 ಯೂನಿಟ್. ನಾಲ್ಕು ಜನ, ಮೂವತ್ತು ದಿನ: 56 ಯೂನಿಟ್. ಈಗ ಶವರ್ ನೋಡಿ. ನಿಮಿಷಕ್ಕೆ 8 ಲೀಟರ್, ಹತ್ತು ನಿಮಿಷ ಎಂದರೆ 80 ಲೀಟರ್. ಒಬ್ಬರಿಗೆ 1.86 ಯೂನಿಟ್, ತಿಂಗಳಿಗೆ ನಾಲ್ವರಿಗೆ 223 ಯೂನಿಟ್. ಗೀಸರ್ ಐದು ಸ್ಟಾರಿನದಾಗಿದ್ದರೂ ಈ ಲೆಕ್ಕ ಬದಲಾಗದು. ನೀರಿಗೆ ಬೇಕಾದ ಬಿಸಿ ನೀರಿಗೆ ಬೇಕೇ ಬೇಕು. ಸ್ಟಾರ್ ಕಡಿಮೆ ಮಾಡುವುದು ಟ್ಯಾಂಕಿನ ಗೋಡೆಯಿಂದ ಸೋರುವ ಬಿಸಿಯನ್ನು ಮಾತ್ರ.

ಶವರೇ ಬೇಕು ಎನ್ನುವವರು ನಿಮಿಷಕ್ಕೆ 5 ಲೀಟರಿನದನ್ನು ಹಾಕಿಸಿ ನಾಲ್ಕು ನಿಮಿಷದಲ್ಲಿ ಮುಗಿಸಿದರೆ ಅದೂ ಒಂದು ಬಕೆಟ್ಟೇ. ಎಷ್ಟು ಬರುತ್ತಿದೆ ಎಂದು ತಿಳಿಯಲು ಬಕೆಟ್ ಹಿಡಿದು ಒಂದು ನಿಮಿಷ ಬಿಡಿ, ಮಗ್ಗಿನಲ್ಲಿ ಅಳೆಯಿರಿ.

15 ಲೀಟರಿನ, 2 ಕಿಲೊವ್ಯಾಟ್ ಗೀಸರ್ 22ರಿಂದ 60 ಡಿಗ್ರಿಗೆ ಏರಲು ಸುಮಾರು 20 ನಿಮಿಷ ಸಾಕು. ತಣ್ಣೀರು ಬೆರೆಸಿದರೆ ಅದರಿಂದ 28 ಲೀಟರ್ ಹದ ನೀರು ಸಿಗುತ್ತದೆ. ಬೆಳಗಿನ ಜಾವ ಐದಕ್ಕೆ ಹಾಕಿ ಒಂಬತ್ತಕ್ಕೆ ಆರಿಸುವ ಅಭ್ಯಾಸವಿದ್ದರೆ ಬಿಡಿ. ಸ್ನಾನಗಳನ್ನು ಒಂದರ ಹಿಂದೆ ಒಂದು ಇಟ್ಟುಕೊಳ್ಳಿ. ಮರೆತು ಇಡೀ ದಿನ ಆನ್ ಇಟ್ಟ ಹಳೆಯ ಗೀಸರ್ ಯಾರೂ ನೀರು ಮುಟ್ಟದಿದ್ದರೂ ಅರ್ಧದಿಂದ ಒಂದು ಯೂನಿಟ್ ಸುಡುತ್ತದೆ. ನಾಲ್ಕು ಬಚ್ಚಲಿಗೆ ನಾಲ್ಕು ಗೀಸರ್ ಇದ್ದಾಗ ಯಾವುದು ಆನ್ ಇದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಸೋಲಾರ್ ವಾಟರ್ ಹೀಟರ್ ಇದ್ದರೂ ಗೀಸರ್ ಹಾಕಬೇಕಾಗುತ್ತಿದೆ. ಏಕೆ?

ಹೆಚ್ಚಿನ ಸಲ ತಪ್ಪು ಪೈಪಿನದು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಮೂರನೇ ಅಂತಸ್ತಿನ ತಾರಸಿಯಿಂದ ನೆಲಮಹಡಿಯ ಮೂಲೆ ಬಚ್ಚಲಿಗೆ 16 ಮೀಟರ್ ಇದ್ದರೆ ಬಿಸಿನೀರು ಬರುವ ಮುನ್ನ ನಾಲ್ಕು ಲೀಟರ್ ತಣ್ಣೀರು ಬರುತ್ತದೆ. ಕಾಯುವ ತಾಳ್ಮೆ ಇಲ್ಲದೆ ಗೀಸರ್ ಸ್ವಿಚ್ ಒತ್ತುತ್ತೇವೆ. ಬಚ್ಚಲು, ಅಡುಗೆಮನೆ ಪೈಪು ಇಳಿಯುವ ಒಂದೇ ಡಕ್ಟ್‌ಗೆ ಅಂಟಿಕೊಂಡಿರಲಿ, ಎಲ್ಲ ಅಂತಸ್ತಿನಲ್ಲೂ ಒಂದರ ಮೇಲೊಂದು ಬರಲಿ, ಸೋಲಾರ್ ಟ್ಯಾಂಕ್ ಆ ಡಕ್ಟ್‌ನ ನೇರಕ್ಕೇ ಕೂರಲಿ. ಬಿಸಿನೀರಿನ ಪೈಪಿಗೆ ಫೋಮ್ ಕವಚ ಹಾಕಿಸಿ. ತಾರಸಿಯ ಮೇಲಿನ ಭಾಗಕ್ಕೆ ಬಿಸಿಲು ತಡೆಯುವ ಟೇಪು ಸುತ್ತದಿದ್ದರೆ ಫೋಮ್ ಪುಡಿಯಾಗಿ ಉದುರುತ್ತದೆ. ಮೊದಲು ಬರುವ ತಣ್ಣೀರನ್ನು ಬಕೆಟ್‌ನಲ್ಲೇ ಹಿಡಿದುಕೊಳ್ಳಿ, ಹೇಗೂ ಹದ ಮಾಡಲು ಬೇಕಾಗುತ್ತದೆ.

ನೀರಿಗೂ ಕರೆಂಟಿಗೂ ಏನು ಸಂಬಂಧ?

ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಮೂಲಕ ಸುಮಾರು 500 ಮೀಟರ್ ಮೇಲೆ ಏರಿ ಬರುತ್ತದೆ. ಪಂಪಿನ ನಷ್ಟ ಬಿಟ್ಟು ಬರೀ ಎತ್ತುವ ಲೆಕ್ಕದಲ್ಲೇ ಸಾವಿರ ಲೀಟರಿಗೆ 1.36 ಯೂನಿಟ್. ಅದು ನಿಮ್ಮ ಮೀಟರಿನಲ್ಲಿ ಕಾಣುವುದಿಲ್ಲ, ಆದರೆ ಖರ್ಚಾಗಿರುತ್ತದೆ. ಸಾವಿರ ಅಡಿಯ ಬೋರ್‌ವೆಲ್ಲಿನ ನೀರೂ ಸಾವಿರ ಲೀಟರಿಗೆ ಎರಡು ಯೂನಿಟ್‌ನ ಆಸುಪಾಸಿಗೆ ಬರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತುವುದು ಇದರ ಮುಂದೆ ಚಿಲ್ಲರೆ.

ವಾಸ್ತು ಪ್ರಕಾರ ನೈಋತ್ಯಕ್ಕೆ ಮಲಗುವ ಕೋಣೆ ಇಟ್ಟಿದ್ದೇವೆ. ರಾತ್ರಿ ಹನ್ನೆರಡಾದರೂ ಸೆಕೆ. ಎಸಿ ಅನಿವಾರ್ಯವೇ?

ಪಡುವಣ ಗೋಡೆ ಮಧ್ಯಾಹ್ನ ಎರಡರಿಂದ ಆರರವರೆಗೆ ಕಾದು, ಆ ಶಾಖವನ್ನು ನೀವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಕೋಣೆ ಅಲ್ಲೇ ಇರಲಿ, ಗೋಡೆಗೆ ನೆರಳು ಕೊಡಿ. ಒಳಗಡೆ ಪಡುವಣ ಗೋಡೆಯುದ್ದಕ್ಕೂ ಬಟ್ಟೆ ಬೀರು ಬರಲಿ. ಎರಡಡಿ ಆಳದ ಬಟ್ಟೆ-ಗಾಳಿಯ ಪದರ ಒಳ್ಳೆಯ ತಡೆ. ಹೊರಗಡೆ ಕಿಟಕಿಗೆ ಎರಡಡಿ ಸಜ್ಜಾ ಪಡುವಣ ದಿಕ್ಕಿಗೆ ಸಾಲದು, ಇಳಿಬಿಸಿಲು ಅದರ ಕೆಳಗಿನಿಂದ ನುಗ್ಗುತ್ತದೆ. ಬಿದಿರಿನ ಚಿಕ್ ಅಥವಾ ಶೇಡ್ ನೆಟ್ಟನ್ನು ಕಿಟಕಿಯ ಹೊರಗೆ ಕಟ್ಟಿ. ಒಳಗಿನ ಪರದೆ ಬೆಳಕು ತಡೆಯುತ್ತದೆ, ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ.

ಮೇಲೆ ತಾರಸಿಯೇ ಇದ್ದರೆ ಮೊದಲು ಅದಕ್ಕೆ ಬಿಳಿ ಬಳಿಯಿರಿ. ಪಾಚಿ ಉಜ್ಜಿ ತೊಳೆದು, ಬಿರುಕು ತುಂಬಿ, ಸುಣ್ಣವಾದರೆ ನೆಲವನ್ನು ತೇವ ಮಾಡಿಕೊಂಡು ಸಂಜೆ ಎರಡು ಕೋಟು. ಉರಿಬಿಸಿಲಿನಲ್ಲಿ ಬಳಿದರೆ ಸುಣ್ಣ ಹಿಡಿಯದೆ ಹಿಟ್ಟಿನಂತೆ ಏಳುತ್ತದೆ. ಧೂಳು ಕೂತರೆ ಪ್ರಯೋಜನ ಕುಗ್ಗುವುದರಿಂದ ಪ್ರತಿ ಫೆಬ್ರುವರಿಯಲ್ಲಿ ಒಮ್ಮೆ ತೊಳೆಯಬೇಕು.

ಎಸಿ ಹಾಕಿಸಲೇಬೇಕು ಎಂದರೆ?

ಒಂದೇ ಕೋಣೆಗೆ ಹಾಕಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಮನೆಯವರೆಲ್ಲ ಮಲಗುವ ತಂಪು ಕೋಣೆ ಅದಾಗಲಿ. ಮಂಚದ ಪಕ್ಕ ಎರಡು ಹಾಸಿಗೆ ಹಾಸುವಷ್ಟು ನೆಲ ಇರಲಿ. ಒಂದೂವರೆ ಟನ್ ಎಸಿ ಒಂದು ರಾತ್ರಿಗೆ ಐದಾರು ಯೂನಿಟ್ ತೆಗೆದುಕೊಳ್ಳುತ್ತದೆ. ಮೂರು ಕೋಣೆಯಲ್ಲಿ ಮೂರು ಓಡಿದರೆ ತಿಂಗಳಿಗೆ ಐನೂರರ ಆಸುಪಾಸಿಗೆ ಬಂತು. 120 ಚದರಡಿಯೊಳಗಿನ ಕೋಣೆಗೆ ಒಂದು ಟನ್ ಸಾಕು. 26 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನಕ್ಕೆ ಓಡಿಸಿದರೆ ಹಿತವಾಗಿರುತ್ತದೆ. ಪ್ರತಿ ಡಿಗ್ರಿ ಏರಿಸಿದಾಗ ಸುಮಾರು 6 ಶೇಕಡ ಉಳಿತಾಯ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಎರಡು ಅಂತಸ್ತು ಎತ್ತರದ ಹಜಾರಕ್ಕಂತೂ ಎಸಿ ಬೇಡ, ತಂಪಾಗುವುದು ಮನುಷ್ಯರಿಲ್ಲದ ಜಾಗ.

ಕಲಬುರಗಿಗೂ ಮಂಗಳೂರಿಗೂ ಒಂದೇ ಸಲಹೆಯೇ?

ಅಲ್ಲ. ಕಲಬುರಗಿ, ರಾಯಚೂರಿನದು ಒಣ ಬಿಸಿಲು. ಅಲ್ಲಿ 150–200 ವ್ಯಾಟಿನ ಕೂಲರ್ ಒಂದು ಕಿಟಕಿ ತೆರೆದಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿ ಮುಚ್ಚಿದರೆ ಕೋಣೆ ಜಿಗುಟಾಗುತ್ತದೆ. ದಪ್ಪ ಗೋಡೆಯ ಮಾಳಿಗೆ ಮನೆಯನ್ನು ಕೆಡವಿ ಆರಿಂಚು ಬ್ಲಾಕಿನ ಆರ್‌ಸಿಸಿ ಮನೆ ಕಟ್ಟುವ ಮೊದಲು ಎರಡು ಸಲ ಯೋಚಿಸಿ. ಮಂಗಳೂರಿನ ತೇವದ ಗಾಳಿಗೆ ಕೂಲರ್ ಸಲ್ಲದು. ಅಲ್ಲಿ ಎದುರುಬದುರು ಕಿಟಕಿ, ಹಂಚಿನ ಮಾಡು, ಚೆನ್ನಾಗಿ ತಿರುಗುವ ಫ್ಯಾನೇ ಸರಿ.

ಮಕ್ಕಳು ಹೊರಗೆ ನೆಲೆಸಿದ್ದಾರೆ. ಎರಡಂತಸ್ತಿನ ಮನೆಯಲ್ಲಿ ನಾವಿಬ್ಬರೇ. ಏನು ಮಾಡಬಹುದು?

ಕೆಳಗೆ ನೀವು, ಮೇಲೆ ಇನ್ನೊಂದು ಸಂಸಾರ. ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ. ಇನ್ನೊಂದು ಹೊಸ ಮನೆ ಕಟ್ಟುವುದೇ ತಪ್ಪುತ್ತದೆ, ರಾತ್ರಿ ಕೂಗಿದರೆ ಓಗೊಡಲು ಜನವೂ ಇರುತ್ತಾರೆ. ಭಾಗ ಮಾಡುವಾಗ ಎಡವುವ ಜಾಗಗಳು ಇವು.

ಮೆಟ್ಟಿಲು ಹಜಾರದಿಂದಲೇ ಏರುತ್ತಿದ್ದರೆ ಅದರ ಬುಡಕ್ಕೆ ಗೋಡೆ ಕಟ್ಟಿ ಹೊರಗಿನಿಂದ ಬಾಗಿಲು ತೆಗೆಯಬಹುದೇ ನೋಡಿ. ಮೇಲಿನ ಅಡುಗೆಮನೆ ಕೆಳಗಿನ ಅಡುಗೆಮನೆ ಅಥವಾ ಬಚ್ಚಲಿನ ಮೇಲೆಯೇ ಬರಲಿ. ಮಲಗುವ ಕೋಣೆಯ ಮೇಲೆ ಸಿಂಕ್ ಇಟ್ಟರೆ ಪೈಪು ಅಡ್ಡ ಓಡಿ, ಇಳಿಜಾರು ಸಾಲದೆ ಕಟ್ಟಿಕೊಳ್ಳುತ್ತದೆ, ಛಾವಣಿ ಸೋರುತ್ತದೆ.

ಕರೆಂಟಿಗೆ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್‌ಆರ್ ನಂಬರ್ ಮಾಡಿಸಿ. ಆಗ ಎಲೆಕ್ಟ್ರಿಷಿಯನ್‌ಗೆ ಕಡ್ಡಾಯವಾಗಿ ಹೇಳಬೇಕಾದ ಮಾತು: ನ್ಯೂಟ್ರಲ್ ತಂತಿಯೂ ಬೇರೆಯಾಗಬೇಕು. ಫೇಸ್ ಮಾತ್ರ ಬೇರೆ ಮಾಡಿ ನ್ಯೂಟ್ರಲ್ ಒಂದೇ ಬಿಟ್ಟರೆ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆಗ ಬಹಳ ಜನ ಅದನ್ನೇ ಕಿತ್ತುಹಾಕಿಸುತ್ತಾರೆ. ಶಾಕ್‌ನಿಂದ ಕಾಪಾಡುವ ಸಾಧನವೇ ಹೋಯಿತು. ನೀರಿನ ಮೋಟರ್ ಯಾರ ಮೀಟರಿಗೆ ಎಂಬುದನ್ನು ಕರಾರಿನಲ್ಲೇ ಬರೆಯಿರಿ. ಬಾಡಿಗೆಗೆ ಕೊಟ್ಟ ಭಾಗದ ಆಸ್ತಿ ತೆರಿಗೆ ಬೇರೆಯಾಗಬಹುದು, ಅದನ್ನೂ ವಿಚಾರಿಸಿಕೊಳ್ಳಿ. ನಿಮ್ಮ ಮಂಜೂರಾದ ಲೋಡ್ ಈಗ ಹೆಚ್ಚೆನಿಸಿದರೆ ಇಳಿಸಲು ಅರ್ಜಿ ಕೊಡಿ, ನಿಗದಿತ ಶುಲ್ಕ ಕಿಲೊವ್ಯಾಟ್ ಲೆಕ್ಕದಲ್ಲಿ ಬೀಳುತ್ತದೆ.

ಬಾಡಿಗೆ ಬೇಡವೆಂದರೆ ಮೇಲಿನ ಎಂಸಿಬಿ ಇಳಿಸಿ, ಗೀಸರಿಗೆ ಬರುವ ನೀರಿನ ನಲ್ಲಿಯನ್ನು ಮುಚ್ಚಿ, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ. ವಾರಕ್ಕೊಮ್ಮೆ ಕಿಟಕಿ ತೆರೆಯಿರಿ. ಮಲೆನಾಡು, ಕರಾವಳಿಯಲ್ಲಿ ಮುಚ್ಚಿದ ಕೋಣೆಗೆ ಒಂದು ಮಳೆಗಾಲದಲ್ಲೇ ಬೂಷ್ಟು, ಗೆದ್ದಲು ಹತ್ತುತ್ತವೆ.

ನಾವು ಬಾಡಿಗೆಗಿರುವವರು. ಗೋಡೆ ಮುಟ್ಟುವಂತಿಲ್ಲ. ನಮ್ಮ ಕೈಲಿ ಏನಿದೆ?

ಮೀಟರ್ ಇದೆ. ಅದರಲ್ಲಿ ಮಿನುಗುವ ಕೆಂಪು ದೀಪದ ಪಕ್ಕ ಯೂನಿಟ್‌ಗೆ 3200 ಅಥವಾ 1600 ಇಂಪಲ್ಸ್ ಎಂದು ಬರೆದಿರುತ್ತದೆ. ರಾತ್ರಿ ಮಲಗುವ ಮುನ್ನ ಫ್ಯಾನ್, ಲೈಟು ಆರಿಸಿ, ಫ್ರಿಜ್ ಪ್ಲಗ್ ತೆಗೆದು, ಮೊಬೈಲ್‌ನಲ್ಲಿ ಎರಡು ಮಿನುಗಿನ ನಡುವಿನ ಸೆಕೆಂಡು ಎಣಿಸಿ. 3200ರ ಮೀಟರಾದರೆ 1125ನ್ನು, 1600ರದಾದರೆ 2250ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದು ವ್ಯಾಟ್.

15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವ್ಯಾಟ್. ಏನೂ ಓಡದ ಮನೆಯಲ್ಲಿ 75 ವ್ಯಾಟ್ ಎಂದರೆ ತಿಂಗಳಿಗೆ 54 ಯೂನಿಟ್. ಮೇಲೆ ಹೇಳಿದ ನಾಲ್ವರ ಬಕೆಟ್ ಸ್ನಾನದಷ್ಟೇ. ಒಂದೊಂದೇ ಪ್ಲಗ್ ಕಿತ್ತು ಮತ್ತೆ ಎಣಿಸುತ್ತ ಹೋಗಿ. ಸೆಟ್‌ಟಾಪ್ ಬಾಕ್ಸ್, ರೌಟರ್, ಯುಪಿಎಸ್, ರಿಮೋಟಿನಿಂದ ಮಾತ್ರ ಆರಿಸಿದ ಟಿವಿ ಹೀಗೆ ಸಿಕ್ಕಿಬೀಳುತ್ತವೆ. ಎಲ್ಲ ಕಿತ್ತರೂ ದೀಪ ಮಿನುಗುತ್ತಿದ್ದರೆ ಮೆಟ್ಟಿಲ ದೀಪವೋ ಪಂಪೋ ನಿಮ್ಮ ಮೀಟರಿಗೆ ಸೇರಿರಬಹುದು, ಅಥವಾ ತಂತಿ ಸೋರುತ್ತಿರಬಹುದು. ಮಾಲೀಕರಿಗೆ ತೋರಿಸಿ. ಮನೆ ಬದಲಿಸುವಾಗ ಒಂದು ಕೋಣೆ ಕಡಿಮೆ ಇರುವ, ಆದರೆ ಎರಡು ಕಡೆ ಕಿಟಕಿ ಇರುವ ಮನೆ ಹುಡುಕಿ.

ಗೃಹಜ್ಯೋತಿಯಲ್ಲಿ ಕರೆಂಟು ಉಚಿತವಾಗಿಯೇ ಸಿಗುತ್ತದಲ್ಲ, ಉಳಿಸಿ ಏನು ಪ್ರಯೋಜನ?

2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ ಕಟ್ಟಬೇಕು. ನಾಲ್ವರೂ ದಿನಾ ಮಾಡುವ ಹತ್ತು ನಿಮಿಷದ ಶವರ್ ಒಂದೇ ಆ ಗೆರೆ ದಾಟಿಸಬಲ್ಲದು. ಉಚಿತ ಎಂಬುದು ನಮ್ಮ ಕೈಯಿಂದ ಹೋಗುವ ದುಡ್ಡಿಗೆ ಮಾತ್ರ. ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ.

ತಾರಸಿ ಸೋಲಾರ್ ಹಾಕಿಸಿದರೆ ಇದೆಲ್ಲ ಬೇಕಿಲ್ಲ ಅಲ್ಲವೇ?

ಮೊದಲು ಬಳಕೆ ಇಳಿಸಿ, ಆಮೇಲೆ ಅಳತೆ ತೆಗೆಯಿರಿ. ಒಂದು ಕಿಲೊವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ತಾರಸಿ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಎರಡು ಕಿಲೊವ್ಯಾಟ್‌ವರೆಗೆ ಕಿಲೊವ್ಯಾಟ್‌ಗೆ 30,000 ರೂಪಾಯಿ, ಮೂರಕ್ಕೂ ಅದರ ಮೇಲಿನದಕ್ಕೂ ಒಟ್ಟು 78,000. ಆರೂವರೆ ಚದರದ ಮನೆಗೆ ಎರಡು ಕಿಲೊವ್ಯಾಟ್ ಧಾರಾಳ.

ಪ್ಲಾನ್ ಮಂಜೂರಾಗಿ ಪಾಯವೂ ಆಗಿದೆ. ಈಗ ಬದಲಿಸಲು ಏನು ಉಳಿದಿದೆ?

ಲಿಂಟಲ್ ಮಟ್ಟದವರೆಗೆ ಬಹಳಷ್ಟು ಉಳಿದಿದೆ. ಎಂಜಿನಿಯರ್ ಜೊತೆ ಕೂತು ಎರಡನೇ ಅಂತಸ್ತನ್ನು ಮುಂದಕ್ಕೆ ಹಾಕಬಹುದೇ ಕೇಳಿ. ಕಂಬದ ಕಬ್ಬಿಣವನ್ನು ಮೇಲಕ್ಕೆ ಬಿಟ್ಟು, ತುಕ್ಕು ಹಿಡಿಯದಂತೆ ಬಡ ಕಾಂಕ್ರೀಟಿನಿಂದ ಮುಚ್ಚಿಡಬಹುದು. ಎರಡಂತಸ್ತು ಎತ್ತರದ ಹಜಾರ ಬೇಡವೆಂಬ ತೀರ್ಮಾನ ಮೋಲ್ಡಿಂಗ್‌ನ ಶಟರಿಂಗ್ ಏಳುವ ಮುನ್ನ ಆಗಬೇಕು, ತೊಲೆಗಳ ಕಬ್ಬಿಣ ಬದಲಾಗುತ್ತದೆ. ಎದುರು ಗೋಡೆಗಳಲ್ಲಿ ಲಿಂಟಲ್ ಮೇಲೆ ಒಂದಡಿ ಎತ್ತರದ ಜಾಲಿ ಬಿಡಿಸಿ, ಸೊಳ್ಳೆ ಪರದೆ ಸಮೇತ. ಪಕ್ಕದ ಮನೆ ಮೂರಡಿಯಲ್ಲಿದ್ದು ಕಿಟಕಿ ಮುಚ್ಚಬೇಕಾದ ದಿನವೂ ಸೆಕೆ ಅದರಿಂದ ಹೊರಹೋಗುತ್ತದೆ. ಎಸಿ, ಗೀಸರ್ ಪಾಯಿಂಟ್‌ಗಳಿಗೆ ಎಲ್ಲ ಕೋಣೆಗೂ ಬರೀ ಪೈಪ್ ಹೂಳಿಸಿ ಬಾಕ್ಸ್ ಮುಚ್ಚಿಸಿ. ತಂತಿ ಎಳೆಯುವುದು ಒಂದು ಎಸಿಗೆ, ಒಂದು ಗೀಸರ್‌ಗೆ ಸಾಕು. ಎರಡು ಬೇಸಿಗೆ ಕಳೆದ ಮೇಲೂ ಇನ್ನೊಂದು ಬೇಕೆನಿಸಿದರೆ ಗೋಡೆ ಒಡೆಯದೆ ತಂತಿ ಎಳೆಸಿಕೊಳ್ಳಬಹುದು.